ಎಲ್ರೂ ಬೇಡ ಅಂದ ಸಿಡುಬು ನಳಿಗೆ ಕೋವಿ ನಾನ್ಯಾಕೆ ತಗೊಂಡೆ

2023ರ ಕೊನೇಲಿ ನಾನು ವೆಬ್ಲಿ ಅಂಡ್ ಸ್ಕಾಟ್ 700 ಅನ್ನೋ ಇಂಗ್ಲಿಷ್ ಜೋಡಿ ನಳಿಗೆ ಕೋವಿ ತಂದಾಗ ಗುಬ್ಬಿ ಕಡೆ ಕೋವಿ ಇಟ್ಕೊಂಡಿರೋ ನಮ್ಮೋರೆಲ್ಲ ಒಳಗೆ ಒಂದು ಕಣ್ಣು ಹಾಕಿ ಒಂದೇ ಮಾತು ಹೇಳಿದ್ರು, "ಒಳಗೆಲ್ಲ ಸಿಡುಬು ಎದ್ದೈತೆ, ಲಕ್ಷ ಕೊಟ್ಟು ಗುಜರಿ ತಂದವ್ನೆ". ಸಿಡುಬು ಅಂದ್ರೆ ತುಕ್ಕು ತಿಂದು ನಳಿಗೆ ಒಳಗೆ ಬಿದ್ದಿರೋ ಸಣ್ಣ ಸಣ್ಣ ಗುಳಿ. ಈಗ ಹತ್ರ ಹತ್ರ ನೂರೈವತ್ತು ತೋಟಾ ಹೊಡೆದಾಯ್ತು, ಮತ್ತೆ ಅಳತೆ ಹಿಡಿದೂ ನೋಡಾಯ್ತು, ಮೊದಲು ಬರೆದಿಟ್ಟ ನಂಬರೇ ಬಂತು. ಅದಕ್ಕೇ ಈಗ ಧೈರ್ಯವಾಗಿ ಬರೀತಿದೀನಿ.

ನಾನು ಟೋಪಿ ಹಾಕಿಸ್ಕೊಂಡಿದ್ದು ಮೊದಲು ಹೇಳ್ತೀನಿ. 2017ರಲ್ಲಿ ಇರಬೇಕು, ಶಿರಾ ಕಡೆ ಒಬ್ಬರ ಹತ್ರ ಬೆಲ್ಜಿಯಂ ಕೋವಿ, ಮೊಟ್ಟೆ ಆಕಾರದೊಳಗೆ ಅಲ್ಲಿನ ಕೋವಿ ಪರೀಕ್ಷೆಯ ಇಎಲ್‌ಜಿ ಮುದ್ರೆ, ಕಟ್ಟಿಗೆ ಚೆನ್ನಾಗಿತ್ತು, ನಳಿಗೆ ಒಳಗೆ ನೋಡಿದ್ರೆ ಥಳಥಳ. ಐವತ್ತೈದು ಸಾವಿರಕ್ಕೆ ಮುಗಿಸಿದೆ, ಡಿಸಿ ಆಫೀಸ್ ಪರ್ಮಿಷನ್ನು, ಲೈಸೆನ್ಸಿಗೆ ಸೇರಿಸೋದು ಎಲ್ಲಾ ಆಯ್ತು. ಮನೆಗೆ ತಂದು ಸೀಮೆಎಣ್ಣೆ ಹಾಕಿ ಬ್ರಾಸ್ ಬ್ರಷ್ ಎಳೆದ್ರೆ ಕಪ್ಪು ಗ್ರೀಸ್ ಬಂತು ನೋಡಿ, ಅದರ ಹಿಂದೆ ತೋಟಾ ಕೂರೋ ಚೇಂಬರ್ ಮುಗಿಯೋ ಕಡೆ ಜೇನುಗೂಡಿನ ಥರ ಗುಳಿ. ಗುಳಿ ತುಂಬೋ ಹಂಗೆ ಗ್ರೀಸ್ ತಿಕ್ಕಿ ಒರೆಸಿದ್ರು ಪುಣ್ಯಾತ್ಮರು. ಕೊನೆಗೆ ಇಪ್ಪತ್ತು ಸಾವಿರಕ್ಕೆ ಕೈ ತೊಳ್ಕೊಂಡೆ. ಅವತ್ತಿಂದ ಯಾರ ಕೋವಿ ನೋಡೋಕೆ ಹೋದ್ರೂ ನನ್ನ ಸ್ವಂತ ರಾಡು, ಬ್ರಷ್ಷು, ಒಂದು ಹಳೇ ಪಂಚೆ ಹರಿದ ಚಿಂದಿ ಬ್ಯಾಗಲ್ಲೇ ಇರುತ್ತೆ. ಚಿಂದಿ ಬೆಳ್ಳಗೆ ಈಚೆ ಬರೋವರ್ಗೂ ನಾನು ಒಳಗೆ ಇಣುಕೋದೇ ಇಲ್ಲ. ಕ್ಲೀನ್ ಮಾಡೋಕೆ ಬಿಡಲ್ಲ ಅಂದ್ರೆ ಕಾಫಿ ಕುಡಿದು ಎದ್ದು ಬರ್ತೀನಿ.

ನಮ್ಮ ಕಡೆ ಕೋವಿ ಹಾಳಾಗೋ ಕಾರಣ ನಿಮಗೂ ಗೊತ್ತು. ಹಳೇ ತೋಟಾ ಕೇಪಿನ ಕ್ಲೋರೇಟು ಸುಟ್ಟು ಉಪ್ಪಾಗಿ ಕೂರುತ್ತೆ, ಆ ಉಪ್ಪು ಎಣ್ಣೆಗೆ ಕರಗಲ್ಲ, ನೀರಿಗೇ ಕರಗೋದು, ನಮ್ಮ ತಾತ ಬಿಸಿನೀರು ಹುಯ್ದು ಒಣಗಿಸಿ ಆಮೇಲೆ ಎಣ್ಣೆ ಹಚ್ತಿದ್ದಿದ್ದು ಸುಮ್ನೆ ಅಲ್ಲ. ಇನ್ನು ಆಯುಧ ಪೂಜೆಗೆ ಒದ್ದೆ ಕುಂಕುಮ ಇಟ್ಟು ದೀಪಾವಳಿವರ್ಗೂ ಒರೆಸಲ್ಲ. ಎಲೆಕ್ಷನ್ ಬಂದ್ರೆ ಕೋವಿ ಪೊಲೀಸರ ಹತ್ರ ಡಿಪಾಸಿಟ್ಟು, 2018, 2019, ಆಮೇಲೆ 2023, 2024, ಕೊಡೋಕ್ ಮುಂಚೆ ಒಂದು ಸಲ ಎಣ್ಣೆ ಚಿಂದಿ ಎಳೆಯೋಕೆ ನಮಗೇ ಸೋಂಬೇರಿತನ, ಎರಡು ತಿಂಗಳು ಬಟ್ಟೆ ಕವರಲ್ಲಿ ತೇವ ಕುಡೀತಾ ಕೂತಿರುತ್ತೆ.

ಸರಿ, ನೋಡೋದು. ಟ್ಯೂಬ್‌ಲೈಟಿಗೆ ಹಿಡಿದು ನೋಡಬೇಡಿ, ಕಣ್ಣು ಕೋರೈಸಿ ಎಲ್ಲಾ ನಳಿಗೇನೂ ಹೊಸದಾಗಿ ಕಾಣುತ್ತೆ. ಬಿಸಿಲು ಬೀಳದ ಬಿಳಿ ಗೋಡೆ ಕಡೆಗೆ ಹಿಡೀರಿ, ಎರಡೂ ತುದಿಯಿಂದ ನೋಡಿ. ಆಮೇಲೆ ಕಿಟಕಿ ಪಟ್ಟಿ ನೆರಳು ಒಳಗೆ ಬೀಳೋ ಹಂಗೆ ನಿಧಾನಕ್ಕೆ ಎತ್ತಿ ಇಳಿಸಿ. ನೆರಳಿನ ಗೆರೆ ನೆಟ್ಟಗೆ ಓಡಬೇಕು, ಎಲ್ಲಾದ್ರೂ ಸೊಟ್ಟಗಾದ್ರೆ ಅಲ್ಲಿ ಡೆಂಟು, ಸುತ್ತ ಉಂಗುರದ ಥರ ನೆರಳು ಬಂದ್ರೆ ಒಳಗಿಂದ ಉಬ್ಬಿದೆ ಅಂತ. ಉಂಗುರ ಕಂಡ್ರೆ ನಾನಂತೂ ರೇಟೇ ಕೇಳಲ್ಲ. ನಳಿಗೆ ಬಿಚ್ಚಿ ಕೊಕ್ಕೆಗೆ ನೇತು ಹಾಕಿ ಬೆರಳಲ್ಲಿ ತಟ್ಟಿದ್ರೆ ದೇವಸ್ಥಾನದ ಗಂಟೆ ಥರ ನಾದ ಎಳೀಬೇಕು, ಮಡಕೆ ಸದ್ದು ಬಂದ್ರೆ ಎರಡು ನಳಿಗೆ ಮಧ್ಯದ ಪಟ್ಟಿ ಬೆಸುಗೆ ಬಿಟ್ಟಿದೆ, ಆ ಸಂದಿಲಿ ತುಕ್ಕು ಇದ್ದೇ ಇರುತ್ತೆ.

ಸಾವಿರದ ನಾನೂರು ಕೊಟ್ಟು ಫೋನಿಗೆ ಹಾಕೋ ಎಂಡೋಸ್ಕೋಪ್ ಕ್ಯಾಮರಾ ತರಿಸಿದ್ದೆ. ಅದೊಂದು ದೆವ್ವ ಕಣ್ರೀ! ಕಿತ್ತಳೆ ಸಿಪ್ಪೆಯಷ್ಟು ಒರಟು ಇದ್ರೂ ಚಂದ್ರನ ಮೇಲಿನ ಹಳ್ಳದ ಥರ ತೋರ್ಸುತ್ತೆ, ಈ ವೆಬ್ಲಿನೂ ಅದ್ರಲ್ಲಿ ನೋಡಿ ಬೇಡ ಅಂತ ವಾಪಸ್ ಬಂದಿದ್ದೆ. ಗುಳಿ ಎಲ್ಲಿದೆ ಅಂತ ಹುಡುಕೋಕೆ ಸರಿ, ಆಳ ಎಷ್ಟು ಅಂತ ಅದನ್ನ ಕೇಳಬಾರದು.

ಆಳ ಅಳೆಯೋಕೆ ಮೊದಲು ಮೇಣದ ಬತ್ತಿ ಕರಗಿಸಿ ಅಚ್ಚು ತೆಗೆಯೋಕೆ ಹೋದೆ, ಅದು ಅಲ್ಲೇ ಅಂಟಿ ಮುರಿದು ಒಂದು ಭಾನುವಾರ ಪೂರ್ತಿ ಬಿಸಿನೀರು ಹುಯ್ದಿದ್ದೇ ಆಯ್ತು. ಆಮೇಲೆ ನಮ್ಮ ಹಲ್ಲಿನ ಡಾಕ್ಟ್ರು ಹಲ್ಲಿನ ಅಚ್ಚಿಗೆ ಬಳಸೋ ಪುಟ್ಟಿ ಸ್ವಲ್ಪ ಕೊಟ್ರು. ತೆಳ್ಳಗೆ ಎಣ್ಣೆ ಸವರಿ ಪುಟ್ಟಿ ಒತ್ತಿ ಎಳೆದ್ರೆ ಗುಳಿ ಎಲ್ಲ ಗುಳ್ಳೆಯಾಗಿ ಬಂತು. ಅತಿ ಎತ್ತರದ ಗುಳ್ಳೆ ಐದು ಥೌ (ಇಂಚಿನ ಸಾವಿರದಲ್ಲೊಂದು ಭಾಗಕ್ಕೆ ಒಂದು ಥೌ) ಇರಬಹುದು, ಅಷ್ಟೇ. ಅಷ್ಟು ಒಳಗೆ ಪುಟ್ಟಿ ಹೇಗೆ ಒತ್ತಿದೆ ಅಂತ ಕೇಳಬೇಡಿ, ಅದು ನನ್ನ ಹತ್ರಾನೇ ಇರಲಿ.

ಆದ್ರೆ ನಿಜವಾದ ಕೆಲಸ ಮಾಡಿದ್ದು ಗೋಡೆ ದಪ್ಪ ಅಳೆಯೋ ಗೇಜು. ಅಂತರಸನಹಳ್ಳಿ ಇಂಡಸ್ಟ್ರಿಯಲ್ ಏರಿಯಾದ ಲೇತ್ ಶಾಪಲ್ಲಿ ಮಾಡಿಸಿದ್ದು, ದಪ್ಪ ಪ್ಲೇಟಿಗೆ ಉದ್ದ ರಾಡು, ತುದಿಲಿ ಬೇರಿಂಗ್ ಗುಂಡು, ಅದರ ನೇರಕ್ಕೆ ಮೇಲೆ ಡಯಲ್ ಗೇಜು, ನಳಿಗೆನ ರಾಡಿಗೆ ತೂರಿಸಿ ತಿರುಗಿಸ್ತಾ ಓದೋದು. ಮೊದಲ್ನೇ ಸಲ 8 ಎಂಎಂ ರಾಡು ಹಾಕಿ ಕೆಟ್ಟೆ, ನಳಿಗೆ ಭಾರಕ್ಕೆ ಬಾಗಿ ಒಂದೇ ಜಾಗಕ್ಕೆ ಮೂರು ಸಲ ಮೂರು ನಂಬರು. ಎರಡ್ನೇದು ದಪ್ಪ ರಾಡು, ಎಲ್ಲಾ ಸೇರಿ ಆರೂವರೆ ಸಾವಿರ ಬಿತ್ತು, ಲೇತಿನವನು ನಕ್ಕಿದ್ದು ಬೇರೆ.

ಈ ವೆಬ್ಲಿ ಮೇಲೆ ಬರ್ಮಿಂಗ್‌ಹ್ಯಾಮ್ ಕಿರೀಟದ ಬಿಎನ್‌ಪಿ ಮುದ್ರೆ, .729 (ಒಳವ್ಯಾಸ, ಇಂಚಲ್ಲಿ), ಎರಡೂವರೆ ಇಂಚು (ಚೇಂಬರ್ ಉದ್ದ), 3 ಟನ್ (ಚದರ ಇಂಚಿಗೆ ಒತ್ತಡ). ಅಂದ್ರೆ 1954ರ ಆಮೇಲೆ ಪ್ರೂಫ್ (ನಳಿಗೆ ಒತ್ತಡ ತಡೆಯುತ್ತಾ ಅನ್ನೋ ಪರೀಕ್ಷೆ) ಆಗಿದ್ದು. ಹಿಂದಿಂದ ಒಂಬತ್ತಿಂಚಿಗೆ ಒಳವ್ಯಾಸ ಅಳೆಯೋ ಬೋರ್ ಗೇಜ್ ಇಳಿಸಿದ್ರೆ ಬಲ .733, ಎಡ .734. ಗೋಡೆ ಅತಿ ತೆಳ್ಳಗಿರೋ ಕಡೆ 27 ಥೌ. ಇಲ್ಲೇ ಎಲ್ರೂ ತಪ್ಪು ಮಾಡೋದು, ಗೇಜಿನ ಗುಂಡು ಗುಳಿ ಒಳಗೆ ಇಳಿಯಲ್ಲ, ಮೇಲೇ ಜಾರುತ್ತೆ, ಹಂಗಾಗಿ ಗುಳಿ ಆಳ ಐದು ಕಳೀಬೇಕು, 22 ಉಳೀತು. ಹೊರಗಡೆ ಅದೇ ಜಾಗದಲ್ಲಿ ತುಕ್ಕಿದ್ರೆ ಅದನ್ನೂ ಕಳೀರಿ, ನಳಿಗೆ ಕೆಳಗಿನ ಕೈಕಟ್ಟಿಗೆ ಬಿಚ್ಚಿ ಅಡಿ ನೋಡೋದು ಮರೀಬೇಡಿ. ಇಂಗ್ಲಿಷ್ ಕೋವಿಗೆ 20 ಥೌಗಿಂತ ಕಮ್ಮಿ ಆದ್ರೆ ಬೇಡ ಅಂತ ಹಳಬರ ಲೆಕ್ಕ, ನಾನೂ ಅಲ್ಲೇ ಗೆರೆ ಎಳೀತೀನಿ. ಚೇಂಬರ್ ಮುಂದಿನ ಐದಾರು ಇಂಚಲ್ಲಿ ಆಳದ ಗುಳಿ ಇದ್ರೆ ಮಾತ್ರ ದಪ್ಪ ಎಷ್ಟಿದ್ರೂ ನಂಗೆ ಬೇಡ, ಒತ್ತಡ ಎಲ್ಲ ಅಲ್ಲೇ ಬೀಳೋದು. ಇದರಲ್ಲಿ ಅಲ್ಲಿ ಕ್ಲೀನ್ ಇತ್ತು, ಸಿಡುಬೆಲ್ಲ ಮಧ್ಯದಿಂದ ಮುಂದಕ್ಕೆ.

ಒಂದೂವರೆ ಕೇಳ್ತಿದ್ರು, ಸಿಡುಬು ತೋರಿಸಿ ಒಂದು ಲಕ್ಷದ ಐದಕ್ಕೆ ಇಳಿಸಿದೆ.

ಅದೇ ವಾರ ತಿಪಟೂರು ಕಡೆ ಇನ್ನೊಂದು ನೋಡಿದ್ದೆ, ಕನ್ನಡಿ ಥರ ನಳಿಗೆ, ನನ್ನ ಜೊತೆ ಬಂದಿದ್ದ ಕುಣಿಗಲ್ ಸ್ನೇಹಿತ ಮುತ್ತು ಕೊಡೋದೊಂದು ಬಾಕಿ. ಮುದ್ರೆ .729, ಅಳೆದ್ರೆ .743, ಗೋಡೆ ಒಂದು ಕಡೆ 17 ಥೌ. ಯಾರೋ ಗುಳಿ ಹೋಗೋವರ್ಗೂ ಒಳಗೆ ಉಜ್ಜಿ ಉಜ್ಜಿ ಬಿಟ್ಟವ್ರೆ. ಒಳವ್ಯಾಸ ಪ್ರೂಫ್ ಅಳತೆ ಮೀರಿದೆ ಅಂತ ಬಾಯಿ ಬಡ್ಕೊಂಡೆ, ಬೇರೆ ಯಾರೋ ಎರಡು ಲಕ್ಷ ಚಿಲ್ಲರೆ ಕೊಟ್ಟು ತಗೊಂಡ್ರಂತೆ.

ನನ್ನದಕ್ಕೆ 65 ಎಂಎಂ (ಎರಡೂವರೆ ಇಂಚು) ತೋಟಾ ಬಿಟ್ಟು ಬೇರೆ ಹಾಕಲ್ಲ. ಸಿಡುಬಲ್ಲಿ ಸೀಸ ಕಚ್ಕೊಳ್ಳುತ್ತೆ, ಕ್ಲೀನ್ ಮಾಡೋಕೆ ಹತ್ತು ನಿಮಿಷ ಜಾಸ್ತಿ ಹಿಡಿಯುತ್ತೆ, ಅದು ನಿಜ. ಹೋದ ತಿಂಗಳು ಆ ಕುಣಿಗಲ್ ಸ್ನೇಹಿತಾನೇ ಗೇಜು ಕೇಳ್ಕೊಂಡು ಬಂದ, ಯಾವ್ದೋ ಹಳೇ ಗ್ರೀನರ್ ಕೋವಿ ನೋಡ್ತಿದಾನಂತೆ, ಎರಡು ದಿನದಲ್ಲಿ ಕೊಡ್ತೀನಿ ಅಂದೋನು ಇನ್ನೂ ವಾಪಸ್ ಕೊಟ್ಟಿಲ್ಲ.