ಇಳಿದ ಮುಳ್ಳನ್ನು ನಂಬಲಿಲ್ಲ: ಐಮಂಗಲದಾಚೆ ಗಾಡಿ ಕೆಟ್ಟು ನಿಂತ ನನ್ನ ಅನುಭವ

ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೊರಟವರಿಗೆ ಚಿತ್ರದುರ್ಗ ಹೆಚ್ಚುಕಡಿಮೆ ನಡುದಾರಿ. ಹಿಂದಕ್ಕೂ ಮುಂದಕ್ಕೂ ಸುಮಾರು 200 ಕಿಲೋಮೀಟರ್. ಕಳೆದ ಮೇ ತಿಂಗಳ ಒಂದು ಮಧ್ಯಾಹ್ನ ಅವ್ವನನ್ನು ತಂಗಿಯ ಮನೆಯಿಂದ ಊರಿಗೆ ಕರೆದುಕೊಂಡು ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಬರುತ್ತಿದ್ದೆ. ಹಿರಿಯೂರು ದಾಟಿ, ಐಮಂಗಲ ಹಿಂದೆ ಸರಿದ ಸ್ವಲ್ಪ ಹೊತ್ತಿನಲ್ಲೇ ನನ್ನ ಒಂಬತ್ತು ವರ್ಷದ ಡೀಸೆಲ್ ಕಾರಿನ ಟೆಂಪರೇಚರ್ ಮುಳ್ಳು ನಡುಗೆರೆಯನ್ನು ಬಿಟ್ಟು ಮೇಲೇರತೊಡಗಿತು.

ಕೂಡಲೇ ಎಸಿ ನಿಲ್ಲಿಸಿ, ಕಿಟಕಿಗಳನ್ನಿಳಿಸಿ, ಹೀಟರನ್ನು ಪೂರ್ತಿ ತಿರುಗಿಸಿದೆ. ಎಂಜಿನ್ನಿನ ಬಿಸಿನೀರೇ ಹೀಟರಿನೊಳಗೂ ಹರಿಯುವುದರಿಂದ ಒಂದಿಷ್ಟು ಶಾಖ ಆ ದಾರಿಯಲ್ಲಿ ಹೊರಹೋಗುತ್ತದೆ. ಅರ್ಧ ನಿಮಿಷ ಸುಡುವ ಗಾಳಿ ಬಂದಿತು. ಅನಂತರ ಅದು ಉಗುರುಬೆಚ್ಚಗಾಗಿ, ನೋಡನೋಡುತ್ತಿದ್ದಂತೆ ಹೊರಗಿನ ಗಾಳಿಯಂತೆಯೇ ಆಯಿತು. ಅದೇ ಹೊತ್ತಿಗೆ ಮುಳ್ಳೂ ಕೆಳಗಿಳಿಯಿತು. ಚಿತ್ರದುರ್ಗ ಇನ್ನು ಹದಿನೈದಿಪ್ಪತ್ತು ಕಿಲೋಮೀಟರ್ ಇತ್ತು. ಅವ್ವನಿಗೆ ಸಕ್ಕರೆ ಕಾಯಿಲೆ, ಊಟದ ಹೊತ್ತೂ ಮೀರಿತ್ತು. ನಿಧಾನವಾಗಿ ಓಡಿಸಿಕೊಂಡು ಹೋಗಿಬಿಡೋಣ ಎಂದು ಮನಸ್ಸು ಎಳೆದದ್ದು ನಿಜ. ಆದರೆ ಕಾದ ಎಂಜಿನ್ನಿನ ಹೀಟರು ತಣ್ಣಗಿನ ಗಾಳಿ ಕೊಡುವುದೆಂದರೆ ಅಲ್ಲಿಗೆ ನೀರೇ ಬರುತ್ತಿಲ್ಲವೆಂದು ಅರ್ಥ. ಉಷ್ಣತೆಯನ್ನು ಅಳೆಯುವ ಸೆನ್ಸರ್ ನೀರಿನಲ್ಲಿ ಮುಳುಗಿದ್ದರೆ ಮಾತ್ರ ಸರಿಯಾದ ಲೆಕ್ಕ ಕೊಡುತ್ತದೆ; ನೀರು ಖಾಲಿಯಾದಾಗ ಎಂಜಿನ್ ಇನ್ನಷ್ಟು ಕಾಯುತ್ತಿದ್ದರೂ ಮುಳ್ಳು ಕೆಳಗಿಳಿದು ನಮ್ಮನ್ನು ಮೋಸಗೊಳಿಸಬಹುದು. ಆ ಇಳಿದ ಮುಳ್ಳನ್ನು ನಂಬಿ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ತಲೆಭಾಗಕ್ಕೂ ಕೆಳಭಾಗಕ್ಕೂ ನಡುವೆ ನೀರು, ಆಯಿಲ್ ಸೋರದಂತೆ ತಡೆಯುವ ತೆಳು ಹಾಳೆ) ಸುಟ್ಟುಕೊಂಡವರನ್ನು ನಾನು ಕಂಡಿದ್ದೇನೆ. ಹೀಗಾಗಿ ಎಡಕ್ಕೆ ಸರಿದು, ಡಾಂಬರಿನಿಂದ ಪೂರ್ತಿ ಹೊರಗೆ ಮಣ್ಣಿನ ಮೇಲೆ ಗಾಡಿಯನ್ನಿಳಿಸಿ ಎಂಜಿನ್ ಆರಿಸಿದೆ.

ಮೊದಲು ಮಾಡಿದ್ದು ಅವ್ವನನ್ನು ಕೆಳಗಿಳಿಸುವ ಕೆಲಸ. ಬಿಸಿಲೆಂದು ಕಾರಿನಲ್ಲೇ ಕೂರಿಸುವುದು ತಪ್ಪು. ಹೆದ್ದಾರಿಯ ಪಕ್ಕದಲ್ಲಿ ನಿಂತ ಗಾಡಿಗೆ ಹಿಂದಿನಿಂದ ಲಾರಿ ಬಂದು ಗುದ್ದುವ ಅಪಾಯ ಎಲ್ಲಕ್ಕಿಂತ ದೊಡ್ಡದು. ತಡೆಬೇಲಿಯ ಆಚೆ ಬೇವಿನ ಮರವೊಂದರ ನೆರಳಿನಲ್ಲಿ ಅವಳನ್ನು ಕೂರಿಸಿ, ಬುತ್ತಿಯ ರೊಟ್ಟಿ ಬಿಚ್ಚಿಕೊಟ್ಟು, ನಾಲ್ಕೂ ಇಂಡಿಕೇಟರ್ ಹಾಕಿ, ಕೆಂಪು ತ್ರಿಕೋನವನ್ನು ಹಿಂದೆ ಐವತ್ತು ಹೆಜ್ಜೆಗೂ ಆಚೆ ಇಟ್ಟು ಬಂದೆ.

ಬಾನೆಟ್ ಎತ್ತಿದಾಗ ಆವಿ ನುಗ್ಗಿತು. ರೇಡಿಯೇಟರಿನ ಮೇಲಿನ ಹೋಸ್ ಪೈಪು ನಡುಮಧ್ಯದಲ್ಲಿ ಬೆರಳುದ್ದ ಸೀಳಿತ್ತು. ಸೀಳು ತುದಿಯಲ್ಲಿದ್ದರೆ ಅಷ್ಟನ್ನು ಕತ್ತರಿಸಿ, ಉಳಿದ ಪೈಪನ್ನೇ ಎಳೆದು ಕ್ಲಿಪ್ಪು ಬಿಗಿದು ಊರು ಮುಟ್ಟಬಹುದಿತ್ತು. ಇಲ್ಲಿ ಅದಕ್ಕೆ ಅವಕಾಶವಿರಲಿಲ್ಲ. ಅಷ್ಟರಲ್ಲಿ ಬೈಕ್ ನಿಲ್ಲಿಸಿದ ಹಿರಿಯ ರೈತರೊಬ್ಬರು, "ಏನಾತು ಸಾರ್, ಗಾಡಿ ಕಾದೈತಾ? ತಡೀರಿ, ನೀರು ತತ್ತೀನಿ" ಎಂದು ಹೋಗಿ ಹೊಲದ ಬೋರಿನಿಂದ ಒಂದು ಕ್ಯಾನ್ ತಣ್ಣೀರು ತಂದೇಬಿಟ್ಟರು. ಎಂಜಿನ್ ಮೇಲೆ ಸುರಿಯಹೊರಟ ಅವರನ್ನು, "ಯಜಮಾನ್ರೇ, ಈಗ ಬೇಡ್ರಿ, ಕಾದ ಲೋಹ ಬಿರುಕು ಬಿಡ್ತದ" ಎಂದು ತಡೆದೆ. ರೇಡಿಯೇಟರಿನ ಮುಚ್ಚಳಕ್ಕೂ ಕೈಹಚ್ಚಲಿಲ್ಲ. ಮುಚ್ಚಿದ ವ್ಯವಸ್ಥೆಯೊಳಗೆ ಒತ್ತಡವಿರುವುದರಿಂದ ನೀರು 100 ಡಿಗ್ರಿ ದಾಟಿದರೂ ಕುದಿಯದೆ ಇರುತ್ತದೆ. ಮುಚ್ಚಳ ತೆಗೆದ ಕ್ಷಣದಲ್ಲಿ ಅದು ಉಕ್ಕಿ ಮುಖಕ್ಕೇ ಹಾರುತ್ತದೆ. ಪೈಪು ಒಡೆದಿದ್ದರೂ ಒಳಗೆ ಎಷ್ಟು ಒತ್ತಡ ಉಳಿದಿದೆಯೆಂದು ಹೊರಗಿನಿಂದ ತಿಳಿಯುವುದಿಲ್ಲ. ಆ ನೀರನ್ನು ಅವ್ವನ ಕೈಕಾಲು ತೊಳೆಯಲು ಬಳಸಿದೆವು. ಊರು ಕೇರಿ ವಿಚಾರಿಸದೆ ನಿಂತು ನೆರವಾದ ಆ ಮನುಷ್ಯನನ್ನು ಇವತ್ತಿಗೂ ನೆನೆಯುತ್ತೇನೆ.

ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಟೋಚನ್ ಮಾಡಿ ಎಳೆಸೋಣವೆಂಬ ಸಲಹೆಯೂ ಅವರಿಂದ ಬಂದಿತು. ನಾನು ಒಪ್ಪಲಿಲ್ಲ. ಎಂಜಿನ್ ಓಡದಿದ್ದರೆ ಬ್ರೇಕಿಗೂ ಸ್ಟೇರಿಂಗಿಗೂ ಸಿಗುವ ಶಕ್ತಿಯ ನೆರವು ನಿಂತು ಎರಡೂ ಕಲ್ಲಿನಂತೆ ಗಟ್ಟಿಯಾಗುತ್ತವೆ. ಲಾರಿಗಳ ನಡುವೆ ಅಂಥ ಗಾಡಿಯನ್ನು ಹಗ್ಗದ ತುದಿಯಲ್ಲಿ ನಡೆಸುವ ಧೈರ್ಯ ಯಾರಿಗೂ ಬೇಡ. ರಾಷ್ಟ್ರೀಯ ಹೆದ್ದಾರಿಯ ಸಹಾಯವಾಣಿ 1033ಕ್ಕೆ ಕರೆ ಮಾಡಿ, "ಐಮಂಗಲದ ಹತ್ತಿರ" ಎನ್ನುವ ಬದಲು ಪಕ್ಕದ ಕಿಲೋಮೀಟರ್ ಕಲ್ಲಿನ ಅಂಕಿಯನ್ನೂ, ಚಿತ್ರದುರ್ಗದ ಕಡೆ ಹೋಗುವ ಬದಿಯೆಂಬುದನ್ನೂ ಓದಿ ಹೇಳಿದೆ. ಅಲ್ಲಿಗೆ ಬಂದ ಕ್ರೇನ್ ಗಾಡಿ ನಮ್ಮನ್ನು ಚಿತ್ರದುರ್ಗದ ಒಂದು ಗ್ಯಾರೇಜಿಗೆ ತಲುಪಿಸುವಾಗ ನಾಲ್ಕು ಗಂಟೆ ದಾಟಿತ್ತು.

ಆ ಮಾದರಿಯ ಪೈಪು ಅಲ್ಲಿನ ಅಂಗಡಿಗಳಲ್ಲಿ ಇರಲಿಲ್ಲ. ದಾವಣಗೆರೆಯಿಂದ ಮರುದಿನ ಬೆಳಿಗ್ಗೆ ತರಿಸಬೇಕಾಯಿತು. ಬೇರೆ ಗಾಡಿಯ ಪೈಪನ್ನು ಬಗ್ಗಿಸಿ ಹಾಕಿಕೊಡಲು ಮೆಕ್ಯಾನಿಕ್ ಸಿದ್ಧನಿದ್ದರೂ, ಮುಂದೆ 200 ಕಿಲೋಮೀಟರ್ ಇರುವಾಗ ನನಗೆ ಅದು ಬೇಡವೆನಿಸಿ, ಲಾಡ್ಜಿನಲ್ಲಿ ರಾತ್ರಿ ಕಳೆದೆವು.

ಬೆಳಿಗ್ಗೆ ಆ ಮೆಕ್ಯಾನಿಕ್ ಹುಡುಗ ಮಾಡಿದ ಕೆಲಸವನ್ನು ನಾನು ಪಕ್ಕದಲ್ಲೇ ನಿಂತು ನೋಡಿದೆ. ಪೈಪು ಸೀಳಿದ್ದೇಕೆಂದು ಕೇಳಿದಾಗ ಅವನು ರೇಡಿಯೇಟರ್ ಮುಚ್ಚಳವನ್ನು ತಿರುವಿ ತೋರಿಸಿದ. ಒತ್ತಡ ಹೆಚ್ಚಾದಾಗ ತೆರೆದುಕೊಳ್ಳಬೇಕಾದ ಅದರ ವಾಲ್ವು ತುಕ್ಕುಗಟ್ಟಿ ಅಂಟಿಕೊಂಡಿತ್ತು. "ಸಾರ್, ಪೈಪ್ ಒಂದೇ ಹಾಕಿದ್ರೆ ಹೊಸದೂ ಒಡೀತೈತೆ" ಎಂದ ಅವನ ಮಾತಿನಲ್ಲಿ ಇಡೀ ರೋಗದ ಮೂಲವಿತ್ತು. ಮುಚ್ಚಳವನ್ನೂ ಕ್ಲಿಪ್ಪುಗಳನ್ನೂ ಹೊಸದಾಗಿ ಹಾಕಿ, ಕೂಲೆಂಟ್ (ಎಂಜಿನ್ ತಂಪಾಗಿಸುವ ದ್ರವ) ತುಂಬಿ, ಮುಚ್ಚಳ ತೆರೆದಿಟ್ಟು ಎಂಜಿನ್ ಓಡಿಸಿ ಒಳಗಿನ ಗಾಳಿಯನ್ನು ಹೊರಬಿಟ್ಟ. ರೇಡಿಯೇಟರಿನ ಬಾಯಿಯಲ್ಲಿ ಗುಳ್ಳೆಗಳು ಬಿಡದೆ ಏಳುತ್ತಿದ್ದರೆ ಗ್ಯಾಸ್ಕೆಟ್ ಹೋಗಿದೆಯೆಂಬ ಅನುಮಾನ ಪಡಬೇಕು. ಸ್ವಲ್ಪ ಹೊತ್ತಿನಲ್ಲಿ ಅವು ನಿಂತವು. ಆಯಿಲ್ ಕಡ್ಡಿಯನ್ನು ಎಳೆದು ನೋಡಿದರೆ ಆಯಿಲಿಗೆ ನೀರು ಸೇರಿದಾಗ ಬರುವ ಹಾಲು ಬೆರೆತ ಬಣ್ಣವಿರಲಿಲ್ಲ, ಸೈಲೆನ್ಸರಿನಲ್ಲಿ ಬಿಳಿ ಹೊಗೆಯೂ ಇರಲಿಲ್ಲ. ಫ್ಯಾನ್ ತಾನಾಗಿಯೇ ತಿರುಗಿ ನಿಲ್ಲುವವರೆಗೆ ಕಾದು, ಹೀಟರ್ ಹಾಕಿ ಕೈಯಿಟ್ಟೆ, ಬಿಸಿಗಾಳಿ ಬಂದಿತು.

ಭರಮಸಾಗರದಲ್ಲಿ ನಿಲ್ಲಿಸಿ ಬಾನೆಟ್ ಎತ್ತಿದೆ, ದಾವಣಗೆರೆ ಬೈಪಾಸಿನಲ್ಲಿ ಇನ್ನೊಮ್ಮೆ. ಕೂಲೆಂಟ್ ಡಬ್ಬಿಯ ಮೇಲೆ ನಾನು ಪೆನ್ನಿನಿಂದ ಎಳೆದಿದ್ದ ಗೆರೆಯಲ್ಲೇ ಕೂಲೆಂಟ್ ನಿಂತಿತ್ತು, ಪೈಪು ಒಣಗಿತ್ತು. ರಾಣೆಬೆನ್ನೂರಿನಲ್ಲಿ ಅವ್ವನಿಗೆ ಊಟ ಮಾಡಿಸಿ, ಸಂಜೆಯ ಹೊತ್ತಿಗೆ ಹುಬ್ಬಳ್ಳಿ ಸೇರಿದೆವು.