ಮಂಟಪದ ಕೆಲಸವೂ ಆಗಬೇಕು, ಬರವಣಿಗೆಯೂ ನಡೆಯಬೇಕು

ಕೊಡಗಿನಲ್ಲಿ ಕಲೆಯ ಬಗ್ಗೆ ಬರೆಯುವ ಅನೇಕರು ಅದೇ ಕಲೆಯ ಕೆಲಸದಲ್ಲೂ ಇರುವವರು. ಶಾಲೆಯ ಚಿತ್ರಕಲಾ ಮೇಷ್ಟ್ರು, ದಸರಾ ಮಂಟಪಕ್ಕೆ (ಟ್ರ್ಯಾಕ್ಟರ್ ಮೇಲೆ ಸಾಗುವ, ಚಲಿಸುವ ಮೂರ್ತಿಗಳ ದೃಶ್ಯಕ್ಕೆ) ಲೈಟಿಂಗ್ ಮಾಡುವವರು, ಕೊಡವ ಹೆಂಗಸರ ಕುಣಿತವಾದ ಉಮ್ಮತ್ತಾಟ್ ಕಲಿಸುವವರು. ಇವರಿಗೆ ಸಮಯದ ಕೊರತೆಗಿಂತ ದೊಡ್ಡ ತೊಡಕೆಂದರೆ, ಯಾರ ಬಗ್ಗೆ ಬರೆದರೂ ಅವರು ನಾಳೆ ಸಂತೆಯಲ್ಲಿ ಎದುರಾಗುತ್ತಾರೆ. ಆದ್ದರಿಂದ ಏನನ್ನು ಬರೆಯುವುದಿಲ್ಲ ಎಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳಿ.

ನೀವು ದುಡ್ಡು ಪಡೆದ ಕೆಲಸ, ನೀವಿರುವ ಸಮಿತಿ, ಮನೆಯವರು ಭಾಗವಹಿಸಿದ ಪ್ರದರ್ಶನ: ಇವುಗಳ ವಿಮರ್ಶೆ ಬೇಡ. ಮಡಿಕೇರಿ ದಸರಾದಲ್ಲಿ ಇದನ್ನು ಇನ್ನೂ ಬಿಗಿಯಾಗಿ ಪಾಲಿಸಬೇಕು. ವಿಜಯದಶಮಿಯ ರಾತ್ರಿ ಹತ್ತು ದೇವಸ್ಥಾನಗಳ ಮಂಟಪಗಳು ಬಹುಮಾನಕ್ಕೆ ಪೈಪೋಟಿ ನಡೆಸುತ್ತವೆ. ಅದರಲ್ಲಿ ಒಂದಕ್ಕೆ ನೀವು ವೈರಿಂಗ್ ಮಾಡಿದ್ದರೆ, ಉಳಿದ ಒಂಬತ್ತನ್ನು ಹೊಗಳಿದರೂ ತೆಗಳಿದರೂ ಜನ ಬೇರೆಯೇ ಅರ್ಥ ಕಟ್ಟುತ್ತಾರೆ.

ಹಾಗೆಂದು ಸುಮ್ಮನಿರಬೇಕಾಗಿಲ್ಲ. ಒಳಗಿದ್ದವರಿಗೆ ಮಾತ್ರ ಗೊತ್ತಿರುವುದನ್ನು ಬರೆಯಿರಿ. ರಾಕ್ಷಸನ ಕೈ ಎತ್ತುವ ಮೋಟಾರು ಎಲ್ಲಿ ಕೂರುತ್ತದೆ, ಇಳಿಜಾರಿನ ರಸ್ತೆಯಲ್ಲಿ ಟ್ರ್ಯಾಕ್ಟರ್ ಸಾಗುವಾಗ ಮೂರ್ತಿ ವಾಲದಂತೆ ಕಬ್ಬಿಣದ ಚೌಕಟ್ಟನ್ನು ಎಲ್ಲೆಲ್ಲಿ ಬಿಗಿಯುತ್ತಾರೆ, ಮಳೆ ಹನಿದರೆ ಕಂಟ್ರೋಲ್ ಬೋರ್ಡಿಗೆ ಏನು ಹೊದಿಸುತ್ತಾರೆ, ರೆಕಾರ್ಡ್ ಮಾಡಿದ ಸಂಭಾಷಣೆಗೂ ಮೂರ್ತಿಯ ಚಲನೆಗೂ ಎಲ್ಲಿ ಹೊಂದಿಕೆ ತಪ್ಪುತ್ತದೆ. ಮಂಟಪ ಒಂದೇ ರಾತ್ರಿಯದು, ಬಿಚ್ಚಿದ ಮೇಲೆ ಅದನ್ನು ಕಟ್ಟಿದ ಬಗೆಯೂ ಮರೆತುಹೋಗುತ್ತದೆ. ಹಾಗಾಗಿ ನಮ್ಮ ಪ್ರಕಾರ ಇಂಥ ಒಂದು ಲೇಖನ ಹತ್ತು ವಿಮರ್ಶೆಗಿಂತ ಹೆಚ್ಚು ಬಾಳುತ್ತದೆ. ಅದರಲ್ಲಿ ‘ಲೇಖಕರು ಈ ಮಂಟಪದ ಬೆಳಕಿನ ಕೆಲಸ ಮಾಡಿದ್ದಾರೆ’ ಎಂಬ ಸಾಲು ಇರಲೇಬೇಕು, ಅದೂ ಎರಡನೇ ಪ್ಯಾರಾದೊಳಗೆ. ಕೊನೆಯಲ್ಲಿ ಇಟ್ಟರೆ, ಜಾಗ ಸಾಲದಾಗ ಪುಟ ಕಟ್ಟುವವರು ಮೊದಲು ಕತ್ತರಿಸುವುದು ಅದನ್ನೇ.

ಇನ್ನು ವರ್ಷದ ಲೆಕ್ಕ. ಸೆಪ್ಟೆಂಬರ್ ಮೊದಲ ವಾರದ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್, ನಂತರ ದಸರಾ, ಅಕ್ಟೋಬರ್ 17ರ ಸುಮಾರಿಗೆ ತಲಕಾವೇರಿಯ ತೀರ್ಥೋದ್ಭವ, ನವೆಂಬರ್-ಡಿಸೆಂಬರಿನಲ್ಲಿ ಭತ್ತದ ಸುಗ್ಗಿ ಹಬ್ಬ ಪುತ್ತರಿ. ಅಷ್ಟರಲ್ಲಿ ಅರೇಬಿಕಾ ಕಾಫಿಯ ಕೊಯ್ಲು, ಅದರ ಬೆನ್ನಿಗೇ ರೋಬಸ್ಟಾ. ಈ ತಿಂಗಳುಗಳಲ್ಲಿ 300 ಪದ ಮೀರುವ ಬರಹಕ್ಕೆ ಒಪ್ಪಿಕೊಳ್ಳಬೇಡಿ. 1,200 ಪದಗಳ ಲೇಖನವನ್ನು ಮಳೆಗಾಲಕ್ಕೆ ಇಟ್ಟುಕೊಳ್ಳಿ. ಹಿಂದಿನ ದಸರಾದ ಟಿಪ್ಪಣಿಗಳಿಂದ ಜುಲೈನಲ್ಲೇ ಬರೆದು, ಮಹಾಲಯ ಅಮಾವಾಸ್ಯೆಗೆ ಎರಡು ವಾರ ಮೊದಲು ಪತ್ರಿಕೆಗೆ ಮುಟ್ಟಿಸಿ. ದಸರಾ ಶುರುಮಾಡುವ ಕರಗ ಹೊರಟ ಮೇಲೆ ಯಾವ ಸಂಪಾದಕರಿಗೂ ಓದಲು ಪುರುಸೊತ್ತು ಇರುವುದಿಲ್ಲ. ಮಳೆಗಾಲದಲ್ಲಿ ಕರೆಂಟು ನಂಬುವಂತಿಲ್ಲ, ಕರಡು ಕಾಗದದ ಮೇಲೇ ಇರಲಿ.

ಟಿಪ್ಪಣಿಯನ್ನು ಮಾತ್ರ ನೋಡಿ ಬಂದ ರಾತ್ರಿಯೇ ಬರೆಯಬೇಕು. ಮಲಗುವ ಮುಂಚೆ ಹದಿನೈದು ನಿಮಿಷ ಸಾಕು. ಅಭಿಪ್ರಾಯ ಬೆಳಿಗ್ಗೆಗೂ ಉಳಿಯುತ್ತದೆ, ವಿವರ ಉಳಿಯುವುದಿಲ್ಲ. ಕೊಡವ ಗಂಡಸರ ಕುಣಿತವಾದ ಬೊಳಕಾಟ್ ನೋಡಿ ಬಂದರೆ ‘ಚೆನ್ನಾಗಿತ್ತು’ ಎಂದು ಬರೆದು ಪ್ರಯೋಜನವಿಲ್ಲ. ದೀಪದ ಸುತ್ತ ಎಷ್ಟು ಜನ ಇದ್ದರು, ಕೈಯ ಚವರಿ (ಕೂದಲಿನ ಕುಚ್ಚು) ಬೀಸುವಾಗ ಹೆಜ್ಜೆ ಯಾವ ಕಡೆಗೆ ಹೋಯಿತು, ದುಡಿ ಎಂಬ ಚಿಕ್ಕ ಚರ್ಮವಾದ್ಯದ ಬಡಿತ ಯಾವ ಹಂತದಲ್ಲಿ ಚುರುಕಾಯಿತು, ಹಾಡನ್ನು ಎತ್ತಿಕೊಟ್ಟವರು ಯಾರು, ಇಷ್ಟನ್ನು ಬರೆದಿಡಿ.

ಹೆಸರಿನ ವಿಷಯದಲ್ಲಿ ತುಂಬ ಎಚ್ಚರ ಬೇಕು. ಒಕ್ಕದ (ಕೊಡವ ಮನೆತನದ) ಹೆಸರಲ್ಲಿ ಒಂದಕ್ಷರ ತಪ್ಪಿದರೆ ಕಲಾವಿದರು ಬೇರೆ ಮನೆತನಕ್ಕೆ ಸೇರಿಬಿಡುತ್ತಾರೆ, ಉಳಿದ ಲೇಖನ ಎಷ್ಟೇ ಚೆನ್ನಾಗಿದ್ದರೂ ಆ ಮನೆಯವರಿಗೆ ನೆನಪಿರುವುದು ಆ ತಪ್ಪೊಂದೇ. ಇಂಗ್ಲಿಷಿನ ಆಮಂತ್ರಣ ಪತ್ರಿಕೆ ನೋಡಿ ಬರೆಯಲೇಬೇಡಿ, ಅದರಲ್ಲಿ ದ-ಡ, ತ-ಟ, ಹ್ರಸ್ವ-ದೀರ್ಘ ಒಂದೂ ತಿಳಿಯುವುದಿಲ್ಲ. ಪುಸ್ತಕ ಮತ್ತು ಪೆನ್ನು ಅವರ ಕೈಗೇ ಕೊಟ್ಟು ‘ನೀವೇ ಕನ್ನಡದಲ್ಲಿ ಬರೆದುಕೊಡಿ’ ಎನ್ನಿ.

ಕಳಿಸುವ ಮುಂಚೆ ಪತ್ರಿಕೆಯವರಿಗೆ ಬರಹ ಯೂನಿಕೋಡ್ ಅಕ್ಷರದಲ್ಲಿ ಬೇಕೋ ‘ನುಡಿ’ ತಂತ್ರಾಂಶದ ಅಕ್ಷರದಲ್ಲೋ ಕೇಳಿ. ಒಂದರಿಂದ ಇನ್ನೊಂದಕ್ಕೆ ಬದಲಾಯಿಸುವಾಗ ಅರ್ಕಾವತ್ತು, ಒತ್ತಕ್ಷರ, ಅಂಕಿಗಳು ಕೆಡುವುದುಂಟು. ಅಂಥ ಪದಗಳನ್ನೆಲ್ಲ ಮತ್ತೊಮ್ಮೆ ನೋಡಿ, ಜೊತೆಗೆ ಪಿಡಿಎಫ್ ಸೇರಿಸಿ. ಫೋಟೊವನ್ನು ವಾಟ್ಸಾಪಿನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿದರೆ ಅಚ್ಚಿಗೆ ಬೇಕಾದ ಗುಣಮಟ್ಟ ಉಳಿಯುತ್ತದೆ.

ಸಂಭಾವನೆ ಇದೆಯೋ ಇಲ್ಲವೋ ಎಂಬುದನ್ನು ಬರೆಯುವ ಮೊದಲೇ ಕೇಳಿ. ಸಂಘದವರು ಸ್ಮರಣ ಸಂಚಿಕೆಗೆ ಬರೆಸಿದರೆ ಅದು ಕೂಲಿಯ ಕೆಲಸ, ರೇಟು ಹೇಳಿ ಮಾಡಿ. ಆ ಬರಹವನ್ನೇ ವಿಮರ್ಶೆಯೆಂದು ಪತ್ರಿಕೆಗೆ ಕೊಡಬೇಡಿ.

ಟಿಪ್ಪಣಿ ಪುಸ್ತಕಗಳನ್ನು ಗೋಡೆಗೆ ತಾಗಿದ ಕಪಾಟಿನಲ್ಲಿ ಇಡಬೇಡಿ, ಜುಲೈ ಹೊತ್ತಿಗೆ ಬೂಷ್ಟು ಹಿಡಿಯುತ್ತದೆ. ಮುಚ್ಚಳ ಭದ್ರವಾದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ. ಕ್ಯಾಮೆರಾ ಲೆನ್ಸಿಗೂ ಇದೇ ಏರ್ಪಾಡು. ತಿಂಗಳಿಗೊಮ್ಮೆ ಪುಟಗಳ ಫೋಟೊ ತೆಗೆದು, ದಿನಾಂಕ ಮತ್ತು ಊರಿನ ಹೆಸರಿನಲ್ಲಿ ಸೇವ್ ಮಾಡಿ.