ಸಾವಿರದ ಇನ್ನೂರರ ಗನ್‌ನಲ್ಲಿ ಸಿಲ್ವರ್ ಹೊಡೆದೆ

ಹೊಸ ಪೇಂಟ್ ಸ್ಪ್ರೇ ಗನ್ ಡಬ್ಬಿಯಿಂದ ತೆಗೆದು ನೇರ ಕಂಪ್ರೆಸರ್ ಪೈಪಿಗೆ ಸಿಗಿಸಬೇಡಿ. ಇದನ್ನು ನಾನು ಒಂದು ಬಾನೆಟ್ ಎರಡು ಸಲ ಹಾಳು ಮಾಡಿ ಕಲಿತೆ.

ನನ್ನದು ಶಿವಮೊಗ್ಗದಲ್ಲಿ ಸಣ್ಣ ಪೇಂಟಿಂಗ್ ಶೆಡ್. ಹಳೇ ಜಪಾನ್ ಗನ್ ಕೈಜಾರಿ ಬಿದ್ದು ಒಳಗಿನ ಸೂಜಿಯ, ಅಂದರೆ ನೀಡಲ್‌ನ, ತುದಿ ಬಾಗಿತು. ನೀಡಲ್, ಬಣ್ಣ ಹೊರಬರುವ ನಾಝಲ್, ಅದರ ಮೇಲಿನ ಏರ್ ಕ್ಯಾಪ್ ಸೆಟ್ ಕೇಳಿದರೆ ಒಂಬತ್ತು ಸಾವಿರದ ಹತ್ತಿರ ಹೇಳಿದರು. ಮಳೆಗಾಲ ಬೇರೆ, ಕೆಲಸ ಕಡಿಮೆ. ಬೆಂಗಳೂರಿಗೆ ಹೋದಾಗ ಜೆ.ಸಿ. ರಸ್ತೆಯಲ್ಲಿ ಸಾವಿರದ ಇನ್ನೂರಕ್ಕೊಂದರಂತೆ ಎರಡು ಗನ್ ತಂದೆ. 1.4 ಎಂಎಂ ನಾಝಲ್, ಮೇಲೆ 600 ಎಂಎಲ್ ಪ್ಲಾಸ್ಟಿಕ್ ಕಪ್.

ಮೊದಲ ಕೆಲಸ ಒಂದು ಬಿಳಿ ಕಾರಿನ ಬಾನೆಟ್. ಎಲ್ಲರೂ ಮಾಡುವ ಹಾಗೆ ಕಪ್‌ಗೆ ಅರ್ಧ ಥಿನ್ನರ್ ಹಾಕಿ ಹಾರಿಸಿದೆ, ಗನ್ ತೊಳೆದದ್ದಾಯ್ತು ಅಂದುಕೊಂಡೆ. ಬೇಸ್, ಅಂದರೆ ಬಣ್ಣದ ಪದರ, ಚೆನ್ನಾಗೇ ಕೂತಿತು. ಅದರ ಮೇಲೆ ಹೊಳಪಿನ ಕ್ಲಿಯರ್ ಬಿದ್ದು ಎರಡು ನಿಮಿಷಕ್ಕೆ ಸಾಸಿವೆ ಕಾಳಿನಷ್ಟು ಗುಳಿಗಳು ಏಳತೊಡಗಿದವು. ಇದಕ್ಕೆ ಫಿಶ್ ಐ ಅಂತಾರೆ. ಒಂದೆರಡಲ್ಲ, ಎಡಗಡೆ ಪೂರ್ತಿ.

ನೀರಿರಬಹುದು ಅಂತ ಟ್ಯಾಂಕ್ ಡ್ರೈನ್ ಮಾಡಿದೆ, ಫಿಲ್ಟರ್ ಬದಲಿಸಿದೆ. ಗಾಡಿಯವರು ಸಿಲಿಕಾನ್ ಪಾಲಿಶ್ ಹಾಕಿರಬಹುದು ಅಂತ ಎರಡು ಸಲ ಒರೆಸಿದೆ. ಉಜ್ಜಿ ಮತ್ತೆ ಹೊಡೆದೆ. ಮತ್ತೆ ಅದೇ ಗುಳಿ! ಮೆಟೀರಿಯಲ್, ಹುಡುಗನ ಕೂಲಿ ಎಲ್ಲ ಸೇರಿ ಆರೂವರೆ ಸಾವಿರ ಹೋಯಿತು. ಪಕ್ಕದ ಶೆಡ್‌ನ ಮೇಸ್ತ್ರಿ ಬಂದು ನೋಡಿ, "ಆಟಿಕೆ ಅದು ಕಣಪ್ಪ. ಪ್ರೈಮರ್ ಹೊಡ್ಕೋ, ಮನೆ ಗೇಟ್ ಹೊಡ್ಕೋ. ಕ್ಲಿಯರ್‌ಗೆ ಅದನ್ನ ಮುಟ್ಟಬೇಡ" ಅಂದರು.

ಆ ರಾತ್ರಿ ಏರ್ ಕ್ಯಾಪ್ ಬಿಚ್ಚಿ ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ಒಳಗೆ ತಿರುಗಿಸಿದೆ. ಬೂದು ಬಣ್ಣದ ಜಿಡ್ಡು ಬಂತು. ಟ್ಯೂಬ್‌ಲೈಟ್ ಕೆಳಗೆ ಹಿಡಿದರೆ ಅದರಲ್ಲಿ ಅಭ್ರಕದಂತೆ ಹೊಳೆಯುವ ಚೂರುಗಳು. ಕಾರ್ಖಾನೆಯಲ್ಲಿ ಕೊರೆದಾಗ ಉಳಿದ ಲೋಹದ ಪುಡಿ, ತುಕ್ಕು ಹಿಡಿಯದಿರಲಿ ಅಂತ ಹಚ್ಚಿದ ಎಣ್ಣೆ. ಆಗ ಹೊಳೆಯಿತು. ಕಪ್‌ಗೆ ಥಿನ್ನರ್ ಹಾಕಿ ಹಾರಿಸಿದರೆ ಬಣ್ಣ ಹೋಗುವ ದಾರಿ ಮಾತ್ರ ತೊಳೆಯುತ್ತೆ. ಗಾಳಿ ಹೋಗುವ ದಾರಿಗೆ ಒಂದು ಹನಿಯೂ ತಾಗಲ್ಲ. ಆ ಎಣ್ಣೆಯನ್ನು ಗಾಳಿಯೇ ಹೊತ್ತು ತಂದು ನನ್ನ ಕ್ಲಿಯರ್ ಮೇಲೆ ಕೂರಿಸಿತ್ತು.

ಕಾರಣ ಸಿಕ್ಕರೂ ದಾರಿ ಬೇಗ ಸಿಗಲಿಲ್ಲ. ಸೀಮೆಎಣ್ಣೆಯಲ್ಲಿ ತೊಳೆದೆ. ಪುಡಿ ಹೋಯಿತು, ಸೀಮೆಎಣ್ಣೆಯದೇ ಜಿಡ್ಡು ಉಳಿಯಿತು. ಇಡೀ ಗನ್ ಬಿಚ್ಚದೆ ರಾತ್ರಿಯೆಲ್ಲ ಎನ್‌ಸಿ ಥಿನ್ನರ್‌ನಲ್ಲಿ ಮುಳುಗಿಸಿದೆ. ಬೆಳಿಗ್ಗೆ ರಬ್ಬರಿನ ಓ ರಿಂಗ್‌ಗಳು ನೆನೆದ ಕಡಲೆಯಂತೆ ಉಬ್ಬಿದ್ದವು, ಟ್ರಿಗರ್ ಹತ್ತಿರ ಗಾಳಿ ಸೋರತೊಡಗಿತು. ಎರಡನೇ ಗನ್‌ಗೆ ಕಾಸ್ಟಿಕ್ ಸೋಡಾ ಬಿಸಿನೀರು ಹಾಕಿದ್ದು ದೊಡ್ಡ ತಪ್ಪು. ಬಾಡಿ ಅಲ್ಯೂಮಿನಿಯಂ ಅಲ್ವಾ, ನೊರೆ ಎದ್ದು ಕಪ್ಪಾಗಿ ನಾಝಲ್ ಕೂರುವ ಜಾಗವೇ ತಿಂದುಹೋಯಿತು. ಅದು ಗುಜರಿಗೆ. ಉಬ್ಬಿದ್ದಕ್ಕೆ ನೂರೈವತ್ತರ ವಾಶರ್ ಕಿಟ್ ಹಾಕಿ ಉಳಿಸಿಕೊಂಡೆ.

ಈಗ ಮಾಡುವುದು ಹೀಗೆ. ಮೊದಲು ಗನ್ ಹಿಂಬದಿಯ ನಾಬ್ ಬಿಚ್ಚಿ ಸ್ಪ್ರಿಂಗ್, ನೀಡಲ್ ಹೊರಗೆ. ನೀಡಲ್ ಒಳಗಿದ್ದಾಗ ನಾಝಲ್ ತಿರುಗಿಸಿದರೆ ಎರಡೂ ಹಾಳು. ಆಮೇಲೆ ಕ್ಯಾಪ್, ನಾಝಲ್, ಸ್ಪ್ರೇ ಅಗಲ ಹೊಂದಿಸುವ ಫ್ಯಾನ್ ನಾಬ್, ಏರ್ ವಾಲ್ವ್, ನೀಡಲ್ ಸುತ್ತಲಿನ ಪ್ಯಾಕಿಂಗ್. ರಬ್ಬರ್, ಪ್ಲಾಸ್ಟಿಕ್ ಒಂದು ತಟ್ಟೆಗೆ, ಲೋಹ ಇನ್ನೊಂದಕ್ಕೆ. ಲೋಹ ಮಾತ್ರ ಥಿನ್ನರ್‌ನಲ್ಲಿ ಇಪ್ಪತ್ತು ನಿಮಿಷ. ಬಾಡಿಯ ಗಾಳಿ ದಾರಿಗೆ ಹಾಲಿನ ಬಾಟಲಿ ನಿಪ್ಪಲ್ ತೊಳೆಯುವ ಪುಟ್ಟ ಬ್ರಶ್ ಹಾಕಿ ತಿರುಗಿಸುತ್ತೇನೆ, ಮೆಡಿಕಲ್ ಶಾಪ್‌ನಲ್ಲಿ ಮೂವತ್ತು ರೂಪಾಯಿಗೆ ಸಿಗುತ್ತೆ. ಆಮೇಲೆ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿದ ಬಿಸಿನೀರು, ಗಾಳಿ, ಮತ್ತೊಮ್ಮೆ ಹೊಸ ಥಿನ್ನರ್, ಮತ್ತೆ ಗಾಳಿ. ರಂಧ್ರಗಳಿಗೆ ತಂತಿ ಹಾಕಲೇಬೇಡಿ. ತೆಂಗಿನಗರಿ ಪೊರಕೆ ಕಡ್ಡಿಯ ತುದಿ ಚೂಪು ಮಾಡಿಕೊಂಡರೆ ಸಾಕು.

ಅಷ್ಟಾದ ಮೇಲೆ ಜೋಡಿಸಿ, ಕಪ್ ಹಾಕದೆ, ಒರೆಸಿದ ಕನ್ನಡಿ ಮೇಲೆ ಬರೀ ಗಾಳಿ ಐದು ನಿಮಿಷ ಬಿಡುತ್ತೇನೆ. ಕನ್ನಡಿಯನ್ನು ಓರೆ ಹಿಡಿದು ನೋಡಿದರೆ ಎಣ್ಣೆ ಇದ್ದ ಕಡೆ ಕಾಮನಬಿಲ್ಲಿನ ಬಣ್ಣ ಕಾಣುತ್ತೆ. ಕಂಡರೆ ಎಲ್ಲ ಮೊದಲಿಂದ. ನನ್ನ ಗನ್‌ಗೆ ಮೂರು ಸಲ ಆಯಿತು.

ನಾಝಲ್‌ನ ಹಿಂಬದಿಯನ್ನು ಗಾಜಿನ ಮೇಲೆ ಸಾವಿರ ನಂಬರಿನ ವಾಟರ್ ಪೇಪರ್ ಇಟ್ಟು ನಾಲ್ಕಾರು ಸುತ್ತು ಉಜ್ಜಿ. ಅದು ಸರಿ ಕೂರದಿದ್ದರೆ ಗಾಳಿ ಬಣ್ಣದ ದಾರಿಗೆ ನುಗ್ಗಿ ಕಪ್‌ನಲ್ಲಿ ಗುಳ್ಳೆ ಏಳುತ್ತೆ, ಗನ್ ಉಗುಳುತ್ತೆ. ನೀಡಲ್ ತುದಿಯನ್ನು ನಾಝಲ್‌ಗೆ ಹೊಂದಿಸುವ ಕೆಲಸಕ್ಕೆ ನಾನು ಯಾವ ಪೇಸ್ಟ್ ಹಾಕುತ್ತೇನೆ, ಎಷ್ಟು ತಿರುಗಿಸುತ್ತೇನೆ ಅನ್ನೋದನ್ನ ಇಲ್ಲಿ ಬರೆಯಲ್ಲ. ಅದು ಕೈಗೆ ಬರಲು ನನಗೆ ನಾಲ್ಕು ನಾಝಲ್ ಬೇಕಾದವು. ಜೋಡಿಸುವಾಗ ನಾಝಲ್ ಮೊದಲು, ನೀಡಲ್ ಕೊನೆಗೆ. ಪ್ಯಾಕಿಂಗ್‌ಗೆ ಅಕ್ಕಿಕಾಳಿನಷ್ಟು ವ್ಯಾಸಲಿನ್. ಸಿಲಿಕಾನ್ ಇರುವ ಯಾವ ಸ್ಪ್ರೇಯೂ ಬೇಡ.

ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ಕನ್ನಡಕದ ಅಂಗಡಿಯ ಗೆಳೆಯನ ಹತ್ತಿರ ಶಬ್ದದ ಅಲೆಯಿಂದ ತೊಳೆಯುವ ಅಲ್ಟ್ರಾಸಾನಿಕ್ ಡಬ್ಬಿ ಇದೆ. ಸೋಪುನೀರಲ್ಲಿ ಕ್ಯಾಪ್ ಮತ್ತು ನಾಝಲ್ ಹಾಕಿದೆವು. ತೊಳೆದದ್ದೇ ಆಗಿದ್ದರೂ ಹತ್ತು ನಿಮಿಷಕ್ಕೆ ತಳದಲ್ಲಿ ಕಪ್ಪು ಪುಡಿ ಕೂತಿತು! ಇದ್ದರೆ ಬಳಸಿ, ನೀರಲ್ಲಿ ಮಾತ್ರ. ಅದರಲ್ಲಿ ಥಿನ್ನರ್ ಹಾಕಿದರೆ ಬೆಂಕಿ ಹತ್ತಬಹುದು.

ಮೊದಲ ಪ್ಯಾಟರ್ನ್ ರಟ್ಟಿನ ಮೇಲೆ ಬಾಳೆಹಣ್ಣಿನ ಆಕಾರ ಬಂತು. ಕ್ಯಾಪ್ ಅರ್ಧ ಸುತ್ತು ತಿರುಗಿಸಿದೆ, ಬಾಗು ಆ ಕಡೆಗೆ ಹೊರಳಿತು. ಅಂದರೆ ದೋಷ ಕ್ಯಾಪ್‌ನದು. ಹೊರಳದಿದ್ದರೆ ನಾಝಲ್ ನೋಡಬೇಕು. ಕ್ಯಾಪ್‌ನ ಒಂದು ಕೊಂಬಿನ ರಂಧ್ರದಲ್ಲಿ ಕೂದಲಿನಷ್ಟು ಲೋಹದ ಎಸಳು ನಿಂತಿತ್ತು. ಅದು ಉದುರಿದ ಮೇಲೆ ಎರಡೂ ತುದಿ ಸಮ ಬಂತು.

ಆಮೇಲೆ ಧೈರ್ಯ ಮಾಡಿ ಸಿಲ್ವರ್ ಮೆಟಾಲಿಕ್ ಹಿಡಿದೆ. ಒಂದು ಡೋರ್, ಒಂದು ಫೆಂಡರ್. ಟ್ರಿಗರ್ ಒತ್ತಿದಾಗ ಹಿಡಿಯ ಹತ್ತಿರ ಗಾಳಿಯ ಒತ್ತಡ 28ರಿಂದ 30 ಪಿಎಸ್‌ಐ. ಪಟ್ಟೆ ಬರಲಿಲ್ಲ, ಮೋಡದಂಥ ಕಲೆ ಬರಲಿಲ್ಲ, ಕ್ಲಿಯರ್‌ನಲ್ಲಿ ಒಂದೇ ಒಂದು ಗುಳಿ ಇಲ್ಲ. ಹಳೇ ಗನ್‌ಗಿಂತ ಸ್ವಲ್ಪ ಜಾಸ್ತಿ ಮೆಟೀರಿಯಲ್ ಹಾರುತ್ತೆ, ಅಷ್ಟು ಒಪ್ಪುತ್ತೇನೆ.

ಮೇಸ್ತ್ರಿ ಬಂದು ಡೋರ್ ಮುಂದೆ ಕುಕ್ಕರುಗಾಲಲ್ಲಿ ಕೂತು ಟ್ಯೂಬ್‌ಲೈಟಿನ ನೆರಳು ನೋಡಿದರು. "ಹಳೇದು ರಿಪೇರಿ ಮಾಡ್ಸಿದ್ಯಾ?" ಅಂದರು. ಗೋಡೆಗೆ ನೇತುಹಾಕಿದ್ದ ಗನ್ ತೋರಿಸಿದೆ. ಏನೂ ಹೇಳದೆ ಹೋದರು. ಮುಂದಿನ ವಾರ ತಾವೇ ಒಂದು ಅಂಥದ್ದೇ ಗನ್ ತಂದು, ಡಬ್ಬಿ ಒಡೆಯದೆ ನನ್ನ ಟೇಬಲ್ ಮೇಲಿಟ್ಟರು.